ಪಿಜಿ ಡಾಕ್ಟರು ಮನೆಗೆ ಹೋಗುವುದು ಎಷ್ಟು ಗಂಟೆಗೆ?

ಮಾನ್ಯ ಸಂಪಾದಕರೇ,

ಚೌತಿಯ ಹಿಂದಿನ ರಾತ್ರಿ ನನ್ನ ತಂಗಿಯ ಮಗ ಊರಿಗೆ ಬಂದ. ಘಟ್ಟದ ಮೇಲಿನ ಒಂದು ಊರಿನಲ್ಲಿ ಎಂಡಿ ಮಾಡುತ್ತಿದ್ದಾನೆ, ಈಗ ಎರಡನೇ ವರ್ಷ. ಎಂಬಿಬಿಎಸ್ ಮುಗಿಸಿ, ಆಸ್ಪತ್ರೆಯಲ್ಲಿ ದುಡಿಯುತ್ತಲೇ ಹೀಗೆ ಮುಂದೆ ಓದುವವರನ್ನೇ ಪಿಜಿ ಅನ್ನುವುದು. ಹಿಂದಿನ ದಿನ ಬೆಳಿಗ್ಗೆ ಎಂಟಕ್ಕೆ ವಾರ್ಡಿಗೆ ಹೋದವನು ಮರುದಿನ ಸಂಜೆ ಆರಕ್ಕೆ ಹೊರಗೆ ಬಂದು, ಮುಖ ತೊಳೆದು, ಸೀದಾ ಕಾರು ಹತ್ತಿದ್ದಾನೆ. 34 ಗಂಟೆ. ಮಧ್ಯೆ ಕುರ್ಚಿಯಲ್ಲಿ ಕೂತಲ್ಲೇ ಒಂದು ಗಂಟೆ ಕಣ್ಣು ಮುಚ್ಚಿದ್ದು ಬಿಟ್ಟರೆ ನಿದ್ದೆ ಇಲ್ಲ. ಮಳೆ ಬೇರೆ. ಘಾಟಿಯ ತಿರುವುಗಳಲ್ಲಿ ಎದುರಿನಿಂದ ಬರುವ ಲಾರಿಗಳ ಲೈಟು. ಕೆಳಗೆ ಇಳಿದ ಮೇಲೆ ಪೊಲೀಸರು ಕೈ ತೋರಿಸಿ ನಿಲ್ಲಿಸಿ ಊದಿಸಿದರಂತೆ. ಮಿಷನ್ ಸೊನ್ನೆ ತೋರಿಸಿತು. “ಹಬ್ಬಕ್ಕೆ ಊರಿಗಾ ಡಾಕ್ಟ್ರೇ, ಹೋಗಿ ಹೋಗಿ” ಅಂತ ಪ್ರೀತಿಯಿಂದ ಕಳಿಸಿಕೊಟ್ಟರಂತೆ.

ಅವನು ಇದನ್ನು ನಗುತ್ತಾ ಹೇಳಿದ. ನನಗೆ ನಗು ಬರಲಿಲ್ಲ. ನಮ್ಮ ದೇಶದಲ್ಲಿ ಗಾಡಿ ಓಡಿಸುವವನ 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಮದ್ಯ ಇದ್ದರೆ ಕೇಸು. 1997ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು ಕೆಲವರನ್ನು ರಾತ್ರಿ ಇಡೀ ಎಚ್ಚರವಾಗಿ ಕೂರಿಸಿದರು, ಇನ್ನೊಂದು ದಿನ ಅದೇ ಜನರಿಗೆ ಅಳತೆ ಮಾಡಿ ಕುಡಿಸಿದರು, ಎರಡೂ ಸಲ ಕಣ್ಣು ಕೈ ಒಟ್ಟಿಗೆ ಓಡಬೇಕಾದ ಒಂದೇ ಕೆಲಸ ಕೊಟ್ಟು ನೋಡಿದರು. 17 ಗಂಟೆ ಎಚ್ಚರ ಇದ್ದವನ ಕೈ, 50 ಮಿಲಿಗ್ರಾಂ ಮದ್ಯ ಏರಿದವನ ಕೈಯ ಹಾಗೆ ಇತ್ತು. 24 ಗಂಟೆ ಆದಾಗ ಅದು ಸುಮಾರು 100 ಮಿಲಿಗ್ರಾಂಗೆ ಸಮ. ನಮ್ಮ ಹುಡುಗನಿಗೆ ಆ ಕುರ್ಚಿಯ ಒಂದು ಗಂಟೆಯನ್ನು ಮಾಫಿ ಮಾಡಿದರೂ ಅವನು ಕಾನೂನಿನ ಲೆಕ್ಕದ ಎರಡು ಮೂರು ಪಟ್ಟು ‘ಏರಿಸಿಕೊಂಡು’ ಘಾಟಿ ಇಳಿದಿದ್ದಾನೆ. ಅದನ್ನು ಹಿಡಿಯುವ ಮಿಷನ್ ಪೊಲೀಸರ ಹತ್ತಿರ ಇಲ್ಲ. ಇನ್ನೊಂದು ಮಾತು, ಇದೇ ಸ್ಥಿತಿಯಲ್ಲಿ ಅವನು ಅವತ್ತು ಮಧ್ಯಾಹ್ನ ಒಬ್ಬರ ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದಿದ್ದ. ಅಲ್ಲಿ ಊದಿಸುವವರೂ ಇಲ್ಲ.

ಮರುದಿನ ಬಾಳೆ ಎಲೆಯ ಮುಂದೆ ಕೂತವನು ಪಾಯಸ ಬರುವಷ್ಟರಲ್ಲಿ ಗೋಡೆಗೆ ತಲೆ ಆನಿಸಿ ನಿದ್ದೆ. ಕೈ ಅನ್ನದಲ್ಲೇ ಇತ್ತು. ಅವನ ಅಜ್ಜಿ “ಪಾಪ, ಎಷ್ಟು ಕಷ್ಟಪಡ್ತಾನೆ ನೋಡಿ” ಅಂತ ಹೆಮ್ಮೆಯಿಂದ ಎಲ್ಲರಿಗೂ ತೋರಿಸಿದರು. ಈ ಹೆಮ್ಮೆಯ ಬಗ್ಗೆಯೇ ನನಗೆ ಬರೆಯಬೇಕು ಅನಿಸಿದ್ದು.

ನಾನು 31 ವರ್ಷ ಸ್ಟಾಫ್ ನರ್ಸ್ ಆಗಿ, ಕೊನೆಯಲ್ಲಿ ವಾರ್ಡ್ ಇನ್‌ಚಾರ್ಜ್ ಆಗಿ ದುಡಿದು ರಿಟೈರ್ ಆದವಳು. ಮಂಗಳೂರಿನಲ್ಲೂ ಇದ್ದೆ, ಉಡುಪಿ ಕಡೆಯಲ್ಲೂ ಇದ್ದೆ. ಆಸ್ಪತ್ರೆಗಳ ಹೆಸರು ಬರೆಯುವುದಿಲ್ಲ. ಬರೆದು ಪ್ರಯೋಜನವೂ ಇಲ್ಲ, ಈ ವಿಷಯದಲ್ಲಿ ನಾನು ಕಂಡ ಎಲ್ಲ ಕಡೆಯೂ ಕಥೆ ಒಂದೇ.

ನಮ್ಮ ಎರಡು ಜಿಲ್ಲೆಗಳಲ್ಲಿ ಮೆಡಿಕಲ್ ಕಾಲೇಜಿಗೆ ಬರಗಾಲ ಇಲ್ಲ. 1953ರಲ್ಲಿ ಮಣಿಪಾಲದಲ್ಲಿ ಶುರುವಾದದ್ದು, ಈಗ ದೇರಳಕಟ್ಟೆಯ ಸುತ್ತಮುತ್ತಲೇ ಮೂರು ಇವೆ. ಕಾಸರಗೋಡು, ಕೊಡಗು, ಚಿಕ್ಕಮಗಳೂರು, ಕಾರವಾರದ ಕಡೆಯಿಂದೆಲ್ಲ ಆಂಬುಲೆನ್ಸ್ ಇಲ್ಲಿಗೇ ಓಡಿ ಬರುತ್ತದೆ. ನಮಗೆ ಅದು ಅಭಿಮಾನ, ಇರಲಿ. ಆದರೆ ರಾತ್ರಿ ಎರಡು ಗಂಟೆಗೆ ಸ್ಟ್ರೆಚರ್ ಒಳಗೆ ಬಂದಾಗ ಮೊದಲು ಓಡಿಬರುವವರು ಯಾರು ಅಂತ ನೋಡಿದ್ದೀರಾ? ಬೋರ್ಡಿನಲ್ಲಿ ಹೆಸರಿರುವ ದೊಡ್ಡ ಡಾಕ್ಟರ್ ಆ ಹೊತ್ತಿಗೆ ಮನೆಯಲ್ಲಿರುತ್ತಾರೆ, ಫೋನಿಗೆ ಸಿಗುತ್ತಾರೆ. ಬರುವುದು ಒಬ್ಬ ಹೌಸ್ ಸರ್ಜನ್, ಅಂದರೆ ಎಂಬಿಬಿಎಸ್‌ನ ಕೊನೆಯ ತರಬೇತಿಯಲ್ಲಿರುವವನು, ಮತ್ತೆ ಒಬ್ಬ ಪಿಜಿ. ಇಬ್ಬರೂ ಇಪ್ಪತ್ತೈದರ ಆಸುಪಾಸಿನ ಪ್ರಾಯದವರು. ಕಾಯಿಲೆ ಯಾವುದು, ಐಸಿಯು ಬೇಕಾ ವಾರ್ಡ್ ಸಾಕಾ, ಸಾಹೇಬರನ್ನು ಎಬ್ಬಿಸಬೇಕಾ ಬೆಳಗಿನವರೆಗೆ ಕಾಯಬಹುದಾ, ಎಲ್ಲದರ ಮೊದಲ ನಿರ್ಧಾರ ಅವರದ್ದು.

ಅವರ ಡ್ಯೂಟಿ ಹೇಗಿರುತ್ತದೆ ಅಂತ ಹೊರಗಿನವರಿಗೆ ಗೊತ್ತಿರುವುದಿಲ್ಲ, ಹೇಳುತ್ತೇನೆ. ಯೂನಿಟ್‌ನ ಅಡ್ಮಿಷನ್ ಡೇ, ಅಂದರೆ ಹೊಸ ರೋಗಿಗಳನ್ನು ಆ ಡಾಕ್ಟರ ತಂಡ ಸೇರಿಸಿಕೊಳ್ಳುವ ದಿನ, ಬೆಳಿಗ್ಗೆ ಎಂಟರಿಂದ ಒಪಿಡಿ, ಮಧ್ಯಾಹ್ನ ಊಟ ಸಿಕ್ಕಿದರೆ ಊಟ, ಆಮೇಲೆ ವಾರ್ಡ್, ಸಂಜೆಯಿಂದ ಕ್ಯಾಶುವಾಲಿಟಿ ಕಾಲ್‌ಗಳು. ರಾತ್ರಿ ಇಡೀ ಹೊಸ ಕೇಸ್. ಮಳೆಗಾಲವಾದರೆ ಕೇಳುವುದೇ ಬೇಡ, ಡೆಂಗಿ, ಮಲೇರಿಯಾ, ಇಲಿಜ್ವರ ಒಂದರ ಹಿಂದೆ ಒಂದು. ಬೆಳಿಗ್ಗೆ ಐದಕ್ಕೆ ರಕ್ತ ತೆಗೆಯುವುದು, ಏಳಕ್ಕೆ ರಿಪೋರ್ಟ್ ಬರೆಯುವುದು, ಎಂಟೂವರೆಗೆ ಸಾಹೇಬರ ರೌಂಡ್ಸ್. ರೌಂಡ್ಸ್ ಆದ ಕೂಡಲೇ ಮನೆಗೆ ಹೋಗಬಹುದು ಅಂದುಕೊಂಡಿರಾ? ಆಗ ಶುರುವಾಗುವುದು ‘ಪೋಸ್ಟ್ ಡ್ಯೂಟಿ’. ರಾತ್ರಿ ಸೇರಿದವರ ಸ್ಕ್ಯಾನಿಂಗ್‌ಗೆ ಓಡಬೇಕು, ಡಿಸ್ಚಾರ್ಜ್ ಸಮ್ಮರಿ ಬರೆಯಬೇಕು, ಮಧ್ಯಾಹ್ನ ಸೆಮಿನಾರ್‌ನಲ್ಲಿ ನಿಂತು ಪಾಠ ಒಪ್ಪಿಸಬೇಕು, ಹೀಗೆ ಸಂಜೆ ಐದಾರು. ಮೂರು ನಾಲ್ಕು ದಿನಕ್ಕೊಮ್ಮೆ ಇದು ಬರುತ್ತದೆ. ನಮ್ಮ ಹುಡುಗ ಒಂದು ವಾರ ಸುಮ್ನೆ ಲೆಕ್ಕ ಹಾಕಿ ನೋಡಿದ್ದಾನೆ, 96 ಗಂಟೆ ಬಂತಂತೆ.

ನಮಗೆ ನರ್ಸ್‌ಗಳಿಗೆ ಕಷ್ಟ ಇರಲಿಲ್ಲ ಅಂತಲ್ಲ. ನೈಟ್ ಮಾಡಿ ಮಾಡಿ ನನ್ನ ಬಿಪಿ ಹೋದದ್ದು ಹೋಯಿತು. ಆದರೆ ನಮಗೆ ಹ್ಯಾಂಡ್‌ಓವರ್ ಅಂತ ಒಂದು ಇತ್ತು. ರಾತ್ರಿ ಎಂಟಕ್ಕೆ ಬಂದರೆ ಬೆಳಿಗ್ಗೆ ಎಂಟಕ್ಕೆ ಮುಂದಿನವರಿಗೆ ಬೆಡ್ ಬೆಡ್‌ಗೂ ನಿಂತು ಒಪ್ಪಿಸಿ, ಕೀ ಗೊಂಚಲು ಕೈಗೆ ಕೊಟ್ಟು, ಚಪ್ಪಲಿ ಹಾಕಿಕೊಂಡು ಬಸ್ಸಿಗೆ. ಎಂಟೂವರೆಯ ಬಸ್ಸಿನಲ್ಲಿ ಕಿಟಕಿಗೆ ತಲೆ ಬಡಿಸಿಕೊಂಡು ನಿದ್ದೆ ಮಾಡುವ ಹೆಂಗಸರನ್ನು ನೀವೂ ನೋಡಿರಬಹುದು, ಅವರಲ್ಲಿ ಅರ್ಧ ನಾವೇ. ನಾನು ಮನೆಗೆ ಹೋಗಿ ಮಲಗಿ ಎದ್ದು ಬಟ್ಟೆ ಒಗೆದು ಅಡುಗೆ ಮಾಡಿ ಮತ್ತೆ ರಾತ್ರಿ ಎಂಟಕ್ಕೆ ಬಂದರೆ, ಅದೇ ಪಿಜಿ ಅದೇ ಅಂಗಿಯಲ್ಲಿ ಆಗಷ್ಟೇ ಹೊರಡುತ್ತಿರುತ್ತಿದ್ದ. ಇದು ಎಷ್ಟು ಸಲ ಆಗಿದೆಯೋ ಲೆಕ್ಕ ಇಲ್ಲ.

ಈಗ ಒಂದು ರಾತ್ರಿಯ ಕಥೆ. ಇದರಲ್ಲಿ ನನ್ನ ತಪ್ಪೂ ಇದೆ, ಹಾಗಾಗಿ ಇಷ್ಟು ವರ್ಷ ಯಾರ ಹತ್ತಿರವೂ ಹೇಳಿರಲಿಲ್ಲ.

ಫಸ್ಟ್ ಇಯರ್ ಪಿಜಿ, ವಿಜಯಪುರದ ಕಡೆಯ ಹುಡುಗ. ಒಳ್ಳೆಯ ಹುಡುಗ, ಓದಿನಲ್ಲಿ ಜೋರು, ರೋಗಿಗಳಿಗೆ “ಅಣ್ಣಾರ, ಅಮ್ಮಾರ” ಅಂತ ಮಾತಾಡಿಸುವವನು. ಅವತ್ತು ಅವನಿಗೆ ಅಡ್ಮಿಷನ್ ಡೇ. ಹಿಂದಿನ ರಾತ್ರಿಯೂ ಯಾರದ್ದೋ ಬದಲಿಗೆ ಅರ್ಧ ರಾತ್ರಿ ನಿಂತಿದ್ದ. ಮೂರೂವರೆ ಹೊತ್ತಿಗೆ ನನ್ನ ಟೇಬಲ್ ಹತ್ತಿರ ಬಂದು, “ಸಿಸ್ಟರ್, ಹತ್ತು ಮಿನಿಟ್ ತಲಿ ಇಡ್ತೀನ್ರಿ, ಏನರ ಇದ್ರ ಎಬ್ಬಸ್ರಿ” ಅಂದು ಕೇಸ್ ಶೀಟುಗಳ ಮೇಲೆಯೇ ತಲೆ ಇಟ್ಟ. ನಾಲ್ಕಕ್ಕೆ ಐವತ್ತು ವರ್ಷದ ಒಬ್ಬರು ಬಂದರು. ಹೊಟ್ಟೆಯ ಮೇಲ್ಭಾಗ ಉರಿ, ಒಂದು ಸಲ ವಾಂತಿ, ರಾತ್ರಿ ಮದುವೆ ಮನೆಯಲ್ಲಿ ಊಟ. ಎಬ್ಬಿಸಿದೆ. ಎದ್ದು ಬಂದ, ನೋಡಿದ, ಇಸಿಜಿ ತೆಗೆಸಿದ, ಅದರಲ್ಲಿ ಏನೂ ಕಾಣಲಿಲ್ಲ. “ಗ್ಯಾಸ್ಟ್ರೈಟಿಸ್ ಐತ್ರಿ, ಪ್ಯಾನ್ ಕೊಡ್ರಿ” ಅಂದ. ಪ್ಯಾನ್ ಅಂದರೆ ಹೊಟ್ಟೆಯ ಆಮ್ಲ ಇಳಿಸುವ ಔಷಧಿ. ಕೊಟ್ಟೆ.

ಐದಕ್ಕೆ ನಾನು ಹೋಗಿ ನೋಡಿದರೆ ಅವರ ತಲೆದಿಂಬು ಒದ್ದೆ. ಫ್ಯಾನ್ ಕೆಳಗೆ, ಮಳೆಗಾಲದ ಚಳಿಯಲ್ಲಿ ಆ ಪರಿ ಬೆವರು. “ಡಾಕ್ಟ್ರೇ, ಇನ್ನೊಂದು ಇಸಿಜಿ ತೆಗೆಯೋಣವಾ?” ಅಂದೆ. “ತಗದೇವಲ್ರಿ ಸಿಸ್ಟರ್, ನಾರ್ಮಲ್ ಐತಿ.” ಅರ್ಧ ಗಂಟೆ ಬಿಟ್ಟು ಮತ್ತೆ ಹೇಳಿದೆ. ಅವನಿಗೆ ಸ್ವಲ್ಪ ಸಿಟ್ಟು ಬಂತು. “ಪ್ಯಾನ್ ಈಗ ಕೊಟ್ಟೀರಿ, ಟೈಮ್ ಕೊಡ್ರಿ ಅದಕ್ಕ” ಅಂದ. ಮೂರನೇ ಸಲ ನಾನು ಹೇಳಲಿಲ್ಲ. ಡಾಕ್ಟರ್ ಅವನು, ನಾನಲ್ಲ, ಎಷ್ಟು ಅಂತ ಹೇಳುವುದು ಅಂತ ಸುಮ್ಮನಾದೆ. ಇನ್‌ಚಾರ್ಜ್‌ಗೋ ಸೀನಿಯರ್ ಪಿಜಿಗೋ ಫೋನ್ ಮಾಡಬಹುದಿತ್ತು. ಮಾಡಲಿಲ್ಲ.

ಏಳೂಕಾಲಕ್ಕೆ ಸೀನಿಯರ್ ಪಿಜಿ ಸ್ನಾನ ಮಾಡಿ ಬಂದಳು. ಬೆಡ್‌ನ ಕಾಲ ಬುಡದಲ್ಲಿ ನಿಂತು ಒಂದು ಸಲ ನೋಡಿ “ಇಸಿಜಿ” ಅಂದಳು, ಅಷ್ಟೇ. ಈ ಸಲ ಗೆರೆ ಎದ್ದು ನಿಂತಿತ್ತು. ಹೃದಯದ ಕೆಳಭಾಗದ ಅಟ್ಯಾಕ್, ಅದು ಹೊಟ್ಟೆ ಉರಿಯ ವೇಷ ಹಾಕಿಕೊಂಡು ಬರುವುದು ಹೊಸತೇನಲ್ಲ. ರೋಗಿ ಉಳಿದರು, ದೇವರು ದೊಡ್ಡವನು, ಆದರೆ ಆ ಎರಡು ಗಂಟೆಯಲ್ಲಿ ಹೃದಯದ ಎಷ್ಟು ಮಾಂಸ ಸತ್ತಿತೋ. ಆ ಹುಡುಗ ಮೆಟ್ಟಿಲಲ್ಲಿ ಕೂತು ಅತ್ತ. ಅವನು ಹೇಳಿದ್ದು ನನಗೆ ಹಾಗೆಯೇ ನೆನಪಿದೆ. “ನಂಗ ಗೊತ್ತಿತ್ರಿ ಸಿಸ್ಟರ್. ಮೊದಲ ಇಸಿಜಿ ನಾರ್ಮಲ್ ಇದ್ರೂ ನೋವು ಹೋಗಲಿಲ್ಲ ಅಂದ್ರ ಮತ್ತ ಮತ್ತ ತಗೀಬೇಕು ಅಂತ ಹೋದ ವಾರ ಹೌಸ್ ಸರ್ಜನ್‌ಗೆ ನಾನೇ ಪಾಠ ಮಾಡೀನಿ.”

ನೋಡಿ, ಇದೇ ನಾನು ಹೇಳಬೇಕು ಅಂತಿರುವುದು. ನಿದ್ದೆಗೆಟ್ಟ ಡಾಕ್ಟರಿಗೆ ಕಲಿತದ್ದು ಮರೆತುಹೋಗುವುದಿಲ್ಲ. ಡೋಸ್ ಕೇಳಿ, ಹೇಳುತ್ತಾರೆ. ಕ್ಯಾನುಲಾ ಹಾಕಲು ಕೊಡಿ, ನಿದ್ದೆಯಲ್ಲೂ ಹಾಕುತ್ತಾರೆ. ಹಾಗಾಗಿಯೇ ಎಲ್ಲರಿಗೂ, ಅವರಿಗೂ, ‘ನಡೆಯುತ್ತದೆ’ ಅನಿಸುವುದು. ಕೈಬಿಟ್ಟು ಹೋಗುವುದು ತನ್ನ ಮಾತನ್ನು ತಾನೇ ಹಿಂತೆಗೆದುಕೊಳ್ಳುವ ಶಕ್ತಿ. ಒಮ್ಮೆ ಗ್ಯಾಸ್ ಅಂದರೆ ಗ್ಯಾಸ್. ಬೆವರು ಬಂದರೂ ಗ್ಯಾಸ್, ನರ್ಸ್ ಎರಡು ಸಲ ಬಂದು ಹೇಳಿದರೂ ಗ್ಯಾಸ್. ನಿದ್ದೆ ಇಲ್ಲದವರ ಮೇಲೆ ನಡೆದ ಪ್ರಯೋಗಗಳಲ್ಲೂ ಇದು ಕಂಡಿದೆ: ಅಭ್ಯಾಸವಾದ ಲೆಕ್ಕ ಮಾಡುತ್ತಾರೆ, ಆದರೆ ಮಧ್ಯೆ ಆಟದ ನಿಯಮ ಬದಲಾದರೆ ಹಳೆಯದಕ್ಕೇ ಜೋತು ಬೀಳುತ್ತಾರೆ.

ಇದಕ್ಕಿಂತ ಅಪಾಯದ್ದು ಇನ್ನೊಂದು. 2003ರಲ್ಲಿ ಅಮೆರಿಕದಲ್ಲಿ ಮಾಡಿದ ಒಂದು ಅಧ್ಯಯನದಲ್ಲಿ ಕೆಲವರನ್ನು ದಿನಕ್ಕೆ 6 ಗಂಟೆ ಮಾತ್ರ ಮಲಗಲು ಬಿಟ್ಟು 14 ದಿನ ನೋಡಿದರು. ಕೊನೆಗೆ ಅವರ ಗಮನ ಎಷ್ಟು ಕೆಟ್ಟಿತ್ತು ಅಂದರೆ ಒಂದೆರಡು ರಾತ್ರಿ ಒಂದು ಚೂರೂ ಮಲಗದವರಷ್ಟು. ಆದರೆ ಕೇಳಿದರೆ, ಸ್ವಲ್ಪ ನಿದ್ದೆ ಬರುತ್ತದೆ ಅಷ್ಟೇ, ಪರವಾಗಿಲ್ಲ ಅನ್ನುತ್ತಿದ್ದರು. ಕುಡಿದವನು ‘ನನಗೇನೂ ಆಗಿಲ್ಲ’ ಅನ್ನುವುದು ನಮಗೆಲ್ಲ ಗೊತ್ತು, ನಾವು ನಂಬುವುದಿಲ್ಲ. ಪಿಜಿ ಹೇಳಿದರೆ ಮಾತ್ರ ನಂಬುತ್ತೇವೆ, ಅಲ್ವಾ?

ಮಂಗಳೂರಿನವರಿಗೆ ಈ ವಿಷಯ ಬೇರೆ ದೇಶದ ಅಧ್ಯಯನದಿಂದ ತಿಳಿಯಬೇಕಾಗಿಯೇ ಇಲ್ಲ. 2010ರ ಮೇ 22. ನಾನು ಅವತ್ತು ನೈಟ್ ಮುಗಿಸುವ ಹೊತ್ತು, ಹ್ಯಾಂಡ್‌ಓವರ್‌ಗೆ ಮೊದಲೇ ಸುದ್ದಿ ಬಂತು. ಬಜಪೆಯಲ್ಲಿ ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಬಿದ್ದಿತ್ತು. 158 ಜನ ಹೋದರು, ಉಳಿದದ್ದು 8. ಆ ದಿನ ನೋಡಿದ್ದನ್ನು ಬರೆಯುವುದಿಲ್ಲ, ಓದುವವರಲ್ಲಿ ಆ ಮನೆಯವರೂ ಇರಬಹುದು. ಆಮೇಲೆ ಬಂದ ತನಿಖಾ ವರದಿಯಲ್ಲಿ ಇದ್ದದ್ದು ಇಷ್ಟು: ಕ್ಯಾಪ್ಟನ್ ದಾರಿಯಲ್ಲಿ ಬಹಳ ಹೊತ್ತು ನಿದ್ದೆ ಮಾಡಿದ್ದರು, ಎಚ್ಚರವಾಗಿ ಸ್ವಲ್ಪ ಹೊತ್ತಿಗೇ ಇಳಿಸುವ ಕೆಲಸ ಬಂತು, ಆ ನಿದ್ದೆಯ ಮಂಪರು ಅವರ ವಿವೇಚನೆಯನ್ನು ಕೆಡಿಸಿರಬಹುದು. ವಿಮಾನ ಇರಬೇಕಾದ್ದಕ್ಕಿಂತ ಎತ್ತರದಲ್ಲಿತ್ತು. ಪಕ್ಕದಲ್ಲಿ ಕೂತ ಸಹ ಪೈಲಟ್ ಇಳಿಸಬೇಡಿ, ಮೇಲೆ ಏರಿಸಿ ಅಂತ ಮೂರು ಸಲ ಹೇಳಿದ್ದರು. ವಿಮಾನದ ಯಂತ್ರವೂ ಎಚ್ಚರಿಸುತ್ತಿತ್ತು. ಆದರೂ ಇಳಿಸಿದರು. ಡ್ಯೂಟಿಗೆ ಮುಂಚೆ ಅವರಿಗೆ ಬೇಕಾದಷ್ಟು ವಿಶ್ರಾಂತಿಯ ಸಮಯ ಸಿಕ್ಕಿತ್ತು ಅಂತಲೂ ವರದಿ ಹೇಳುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಅನುಭವ ಇಲ್ಲದ ಪೈಲಟ್ ಕೂಡ ಅಲ್ಲ.

ನನಗೆ ಆ ವರದಿಯ ಸುದ್ದಿ ಓದುವಾಗ ಮೈ ಜುಂ ಅಂದದ್ದು ಆ ‘ಮೂರು ಸಲ’ ಅನ್ನುವುದಕ್ಕೆ. ನಾನು ಎರಡಕ್ಕೇ ನಿಲ್ಲಿಸಿದ್ದೆ.

ಗಾಢ ನಿದ್ದೆಯಿಂದ ಎದ್ದ ಕೂಡಲೇ ತಲೆ ಓಡುವುದಿಲ್ಲ, ಅದಕ್ಕೆ ಸ್ವಲ್ಪ ಹೊತ್ತು ಬೇಕು. ಎಲ್ಲ ನರ್ಸ್‌ಗಳಿಗೂ ಇದು ಗೊತ್ತು. ರಾತ್ರಿ ಮೂರಕ್ಕೆ ಫೋನ್ ಮಾಡಿ “ಡಾಕ್ಟ್ರೇ, ಆರನೇ ಬೆಡ್‌ಗೆ ಶುಗರ್ 380” ಅಂದರೆ “ಹಾ ಸಿಸ್ಟರ್, ಕೊಡಿ” ಅನ್ನುತ್ತಾರೆ. ಎಂತ ಕೊಡುವುದು? ಎಷ್ಟು ಕೊಡುವುದು? ಫೋನ್ ಕಟ್. ಬೆಳಿಗ್ಗೆ ಕೇಳಿದರೆ “ನೀವು ಫೋನ್ ಮಾಡಿದ್ರಾ?” ಅಂತ ನಮ್ಮನ್ನೇ ಕೇಳುತ್ತಾರೆ, ಸುಳ್ಳಲ್ಲ, ನಿಜವಾಗಿ ನೆನಪಿಲ್ಲ. ನಾನು ಕೊನೆಗೆ ಒಂದು ಉಪಾಯ ಮಾಡಿಕೊಂಡಿದ್ದೆ. “ಡಾಕ್ಟ್ರೇ, ಎದ್ದು ಕೂತುಕೊಳ್ಳಿ, ಲೈಟ್ ಹಾಕಿ, ನಾನು ಐದು ನಿಮಿಷ ಬಿಟ್ಟು ಮತ್ತೆ ಮಾಡ್ತೇನೆ” ಅನ್ನುವುದು. ಎರಡನೇ ಫೋನಿಗೆ ಸಿಗುವುದು ಬೇರೆಯೇ ಮನುಷ್ಯ. ಹೊಸ ನರ್ಸ್‌ಗಳು ಇದನ್ನು ಓದಿದರೆ ಇಷ್ಟನ್ನಾದರೂ ಇಟ್ಟುಕೊಳ್ಳಿ.

ಅಮೆರಿಕದಲ್ಲಿ ಇದರ ಚರ್ಚೆ ಶುರುವಾದದ್ದು ಒಬ್ಬ ಪತ್ರಕರ್ತನಿಂದ. 1984ರಲ್ಲಿ ಲಿಬಿ ಝಿಯಾನ್ ಅನ್ನುವ 18 ವರ್ಷದ ಹುಡುಗಿ ಜ್ವರ ಅಂತ ನ್ಯೂಯಾರ್ಕಿನ ಆಸ್ಪತ್ರೆ ಸೇರಿ ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಳು. ಅವಳು ಮೊದಲೇ ತೆಗೆದುಕೊಳ್ಳುತ್ತಿದ್ದ ಖಿನ್ನತೆಯ ಮಾತ್ರೆಗೆ ಆಗಿಬರದ ಇಂಜೆಕ್ಷನ್ ಕೊಟ್ಟಿದ್ದರು. ನೋಡಿಕೊಂಡವರು ಕಲಿಯುತ್ತಿದ್ದ ಡಾಕ್ಟರುಗಳು, ಅವರ ತಲೆ ಮೇಲೆ ಹತ್ತಾರು ರೋಗಿಗಳು. ಅಪ್ಪ ಪತ್ರಿಕೆಯವರು, ಬಿಡಲಿಲ್ಲ. ಬರೆದರು, ಕೋರ್ಟಿಗೆ ಹೋದರು. 1989ರಲ್ಲಿ ನ್ಯೂಯಾರ್ಕ್ ರಾಜ್ಯ ವಾರಕ್ಕೆ 80 ಗಂಟೆ, ಒಂದೇ ಸಮನೆ 24 ಗಂಟೆ ಅಂತ ಮಿತಿ ಹಾಕಿತು, 2003ರಲ್ಲಿ ಇಡೀ ದೇಶಕ್ಕೆ 80 ಗಂಟೆ ಬಂತು. ಯುರೋಪಿನಲ್ಲಿ ವಾರಕ್ಕೆ 48.

ನಮ್ಮಲ್ಲಿ ನಿಯಮ ಇಲ್ಲ ಅಂದುಕೊಳ್ಳಬೇಡಿ. 1992ರಲ್ಲೇ ಕೇಂದ್ರ ಸರ್ಕಾರದ ನಿರ್ದೇಶನ ಇದೆ: ರೆಸಿಡೆಂಟ್ ಡಾಕ್ಟರಿಗೆ (ಪಿಜಿಗಳೂ ಇದರಲ್ಲಿ ಸೇರಿದರು) ಸಾಮಾನ್ಯವಾಗಿ ಒಂದೇ ಸಮನೆ 12 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದು. ನಮ್ಮ ಹುಡುಗ ಆಗ ಹುಟ್ಟಿಯೇ ಇರಲಿಲ್ಲ. ಆಮೇಲೆ 2023ರ ಪಿಜಿ ನಿಯಮದಲ್ಲಿ ‘ಸಮಂಜಸವಾದ ಕೆಲಸದ ಅವಧಿ’, ‘ಸಮಂಜಸವಾದ ವಿಶ್ರಾಂತಿ’ ಅಂತ ಬರೆದರು. ಸಮಂಜಸ ಅಂದರೆ ಎಷ್ಟು ಗಂಟೆ ಮಾರಾಯ್ರೆ? ವಿಭಾಗದ ಮುಖ್ಯಸ್ಥ ಸಾಹೇಬರಿಗೆ 36 ಸಮಂಜಸ. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ವಾರಕ್ಕೆ 74 ಗಂಟೆ ಮೀರಬಾರದು, ವಾರಕ್ಕೊಂದು ರಜೆ, ದಿನಕ್ಕೆ ಏಳೆಂಟು ಗಂಟೆ ನಿದ್ದೆ ಅಂತ ಶಿಫಾರಸು ಮಾಡಿತು. ಶಿಫಾರಸು, ಅಷ್ಟೇ. ಅದೇ ನಮ್ಮ ಬಸ್ ಡ್ರೈವರ್ ವಿಷಯಕ್ಕೆ ಬನ್ನಿ, 1961ರ ಕಾಯ್ದೆಯಲ್ಲೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಅಂತ ಚೊಕ್ಕವಾಗಿ ಬರೆದಿತ್ತು. ಎಕ್ಸ್‌ಪ್ರೆಸ್ ಬಸ್ಸಿನವರು ಎಷ್ಟು ಪಾಲಿಸುತ್ತಾರೆ ಅನ್ನುವುದು ಬೇರೆ ಮಾತು, ಆದರೆ ಡ್ರೈವರ್ ತೂಕಡಿಸಿದರೆ ಹಿಂದೆ ಕೂತವರು ಕಿರುಚುತ್ತಾರೆ. ಐಸಿಯುವಿನಲ್ಲಿ ಕಿರುಚುವವರು ಯಾರು, ಬಾಯಲ್ಲಿ ಟ್ಯೂಬ್ ಇರುತ್ತದೆ.

ಹಿರಿಯ ಡಾಕ್ಟರುಗಳು ಇದನ್ನು ಓದಿ ಏನು ಹೇಳುತ್ತಾರೆ ಅಂತ ನನಗೆ ಗೊತ್ತು. “ನಮ್ಮ ಕಾಲದಲ್ಲಿ ನಾವು ಮಾಡಲಿಲ್ವಾ?” ಮಾಡಿದ್ದೀರಿ ಸರ್, ನಾನೇ ನೋಡಿದ್ದೇನೆ. ನೀವು ಮಾಡಿದ ತಪ್ಪುಗಳನ್ನೂ ನೋಡಿದ್ದೇನೆ, ಎಷ್ಟನ್ನೋ ನಾವೇ ಸದ್ದಿಲ್ಲದೆ ತಿದ್ದಿದ್ದೇವೆ. ಆಗ ವಾರ್ಡಿನಲ್ಲಿ ಅರ್ಧ ಬೆಡ್ ಖಾಲಿ ಇರುತ್ತಿತ್ತು, ವೆಂಟಿಲೇಟರ್ ಒಂದೋ ಎರಡೋ.

ಆದರೆ ಅವರ ಇನ್ನೊಂದು ಮಾತಿನಲ್ಲಿ ಹುರುಳಿದೆ. ಗಂಟೆ ಕಡಿಮೆ ಮಾಡಿದರೆ ಕಲಿಕೆ ಕಡಿಮೆ, ರೋಗಿ ಕೈಯಿಂದ ಕೈಗೆ ಹೋಗುವಾಗ ವಿಷಯ ಸೋರಿ ಹೋಗುತ್ತದೆ ಅನ್ನುತ್ತಾರೆ. ನಿಜ. ಅಮೆರಿಕದವರೇ 2011ರಲ್ಲಿ ಹೊಸಬರಿಗೆ 16 ಗಂಟೆ ಸಾಕು ಅಂತ ಮಾಡಿ 2017ರಲ್ಲಿ ಮತ್ತೆ 24ಕ್ಕೆ ಹೋದರು. 2004ರಲ್ಲಿ ಬಂದ ಹೆಸರುವಾಸಿ ಅಧ್ಯಯನದಲ್ಲಿ, 24 ಗಂಟೆ ಮೀರುವ ಹಳೆಯ ಪಾಳಿಯಲ್ಲಿ ಹೊಸ ಡಾಕ್ಟರುಗಳು ಐಸಿಯುವಿನಲ್ಲಿ ಗಂಭೀರ ತಪ್ಪು ಮಾಡಿದ್ದು ಚಿಕ್ಕ ಪಾಳಿಗಿಂತ ಸುಮಾರು 36 ಶೇಕಡಾ ಜಾಸ್ತಿ. ಆದರೆ 2020ರಲ್ಲಿ ಮಕ್ಕಳ ಐಸಿಯುಗಳಲ್ಲಿ ಹೀಗೇ ಪಾಳಿ ಚಿಕ್ಕದು ಮಾಡಿ ನೋಡಿದಾಗ ಚಿಕ್ಕ ಪಾಳಿಯಲ್ಲೇ ತಪ್ಪು ಜಾಸ್ತಿ ಬಂತು! ಯಾಕೆ ಅಂತ ಹುಡುಕಿದರೆ, ಗಂಟೆ ಕಡಿಮೆಯಾಗಿ ಒಬ್ಬೊಬ್ಬರ ಪಾಲಿಗೆ ಬರುವ ಮಕ್ಕಳು ಜಾಸ್ತಿಯಾಗಿದ್ದರು. ಅದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಆ ವ್ಯತ್ಯಾಸ ಉಳಿಯಲಿಲ್ಲ. ಜನ ಸೇರಿಸದೆ ಗಂಟೆ ಮಾತ್ರ ಕತ್ತರಿಸಿದರೆ ಇಷ್ಟೇ. ಚಿಕ್ಕ ಚಾಪೆ ತಲೆಗೆ ಎಳೆದರೆ ಕಾಲಿಗಿಲ್ಲ.

ಹ್ಯಾಂಡ್‌ಓವರ್ ಸೋರುತ್ತದೆ ಅನ್ನುವುದಕ್ಕೆ ಮಾತ್ರ ನಾನು ಒಪ್ಪುವುದಿಲ್ಲ. ಸೋರಿದರೆ ಪಾತ್ರೆ ತಿದ್ದಬೇಕು. 2014ರಲ್ಲಿ ಒಂಬತ್ತು ಆಸ್ಪತ್ರೆಗಳಲ್ಲಿ ಡಾಕ್ಟರುಗಳಿಗೆ ರೋಗಿಯನ್ನು ಒಪ್ಪಿಸುವ ಕ್ರಮವನ್ನೇ ಸರಿಯಾಗಿ ಕಲಿಸಿದರು: ಎಷ್ಟು ಸೀರಿಯಸ್, ಕಥೆ ಏನು, ಏನು ಮಾಡಬೇಕು, ಏನಾದರೂ ಕೆಟ್ಟರೆ ಏನು ಮಾಡಬೇಕು, ಕೊನೆಗೆ ಕೇಳಿದವರು ವಾಪಸ್ ಹೇಳಬೇಕು. ತಪ್ಪುಗಳು 23 ಶೇಕಡಾ ಇಳಿದವು. ಓದಿ ನಗು ಬಂತು, ನಾವು ನರ್ಸಿಂಗ್ ಮೊದಲ ವರ್ಷದಿಂದ ಮಾಡುತ್ತಾ ಬಂದದ್ದು ಇದನ್ನೇ. ಪಿಜಿಗಳು ಬೆಳಿಗ್ಗೆ ಎಂಟಕ್ಕೆ ಅರ್ಧ ಗಂಟೆ ನಮ್ಮ ಜೊತೆಯಲ್ಲೇ ನಿಂತು ಬೆಡ್ ಬೆಡ್‌ಗೂ ಒಪ್ಪಿಸಿ ಹೋಗಲಿ. ಎಂತ ಕಷ್ಟ?

ರಾತ್ರಿ ಇಡೀ ಕೆಲಸ ನಮ್ಮೂರಿಗೆ ಹೊಸತಲ್ಲ. ಯಕ್ಷಗಾನ ಮೇಳದ ಕಲಾವಿದರು ರಾತ್ರಿ ಇಡೀ ಕುಣಿದು, ಬೆಳಿಗ್ಗೆ ಚೌಕಿಯಲ್ಲಿ ಬಣ್ಣ ತೆಗೆದರೆ ಮತ್ತೆ ಮಲಗುವುದೇ ಕೆಲಸ. ಬಣ್ಣ ತೆಗೆದವರನ್ನು ಎಂಟು ಗಂಟೆಗೆ ಎಬ್ಬಿಸಿ, ಇನ್ನೊಂದು ರಂಗಸ್ಥಳ ಹತ್ತಿಸಿ, ಸಂಜೆಯವರೆಗೆ ಅರ್ಥ ಹೇಳಿಸಿದರೆ ಪ್ರೇಕ್ಷಕರು ಬಿಡುತ್ತಾರಾ? ಈಗಂತೂ ಎಷ್ಟೋ ಕಡೆ ಆಟವೇ ಕಾಲಮಿತಿ. ಯಕ್ಷಗಾನಕ್ಕೂ ಕಾಲಮಿತಿ ಬಂತು, ಡಾಕ್ಟರ ಡ್ಯೂಟಿಗೆ ಬರಲಿಲ್ಲ.

ನನ್ನ ಕೋರಿಕೆ ದೊಡ್ಡದಲ್ಲ. ರಾತ್ರಿ ಡ್ಯೂಟಿ ಮಾಡಿದ ಪಿಜಿ ಬೆಳಿಗ್ಗೆ ಒಪ್ಪಿಸಿ ಮನೆಗೆ ಹೋಗಲಿ, ಸೆಮಿನಾರ್ ಇನ್ನೊಂದು ದಿನ ಇಟ್ಟುಕೊಳ್ಳಿ. ಸಮ್ಮರಿ ಬರೆಯಲು, ರಿಪೋರ್ಟ್ ತರಲು, ಸ್ಕ್ಯಾನಿಂಗ್ ಚೀಟಿ ಹಿಡಿದು ಓಡಲು ಎಂಬಿಬಿಎಸ್ ಮಾಡಿದವರೇ ಬೇಕಾ? ಇಬ್ಬರು ಕ್ಲರ್ಕ್‌ಗಳನ್ನು ಇಟ್ಟರೆ ಒಂದು ಯೂನಿಟ್‌ಗೆ ದಿನಕ್ಕೆ ಎಷ್ಟು ಗಂಟೆ ಉಳಿಯುತ್ತದೆ ಅಂತ ಯಾವ ಇನ್‌ಚಾರ್ಜ್ ಸಿಸ್ಟರನ್ನು ಕೇಳಿದರೂ ಹೇಳುತ್ತಾರೆ. ಬಾಗಿಲಿಗೆ ಒಳಗಿನಿಂದ ಚಿಲಕ ಇರುವ, ಹೆಣ್ಣುಮಕ್ಕಳಿಗೆ ಬೇರೆಯೇ ಆದ ಒಂದು ಮಲಗುವ ಕೋಣೆ ಬೇಕು. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ರಾತ್ರಿ ಡ್ಯೂಟಿಯ ಮಧ್ಯೆ ಸೆಮಿನಾರ್ ಹಾಲ್‌ನಲ್ಲಿ ಮಲಗಲು ಹೋದ ಪಿಜಿ ಹುಡುಗಿಗೆ ಏನಾಯಿತು ಅಂತ ಇಡೀ ದೇಶ ನೋಡಿದೆ. ಮತ್ತೆ, ಅಷ್ಟು ಉದ್ದದ ಡ್ಯೂಟಿ ಮಾಡಿದವರ ಕೈಗೆ ಸ್ಕೂಟರ್ ಕೀ ಕೊಡಬೇಡಿ. ಅಮೆರಿಕದ 2005ರ ಲೆಕ್ಕದಲ್ಲಿ ಉದ್ದ ಡ್ಯೂಟಿ ಮುಗಿಸಿ ಹೋಗುವಾಗ ಆಕ್ಸಿಡೆಂಟ್ ಆಗುವ ಸಂಭವ ಎರಡು ಪಟ್ಟಿಗಿಂತ ಜಾಸ್ತಿ. ನರ್ಸಿಂಗ್ ಕಾಲೇಜಿನ ಬಸ್ಸು ಇದೆಯಲ್ಲ, ಅದರಲ್ಲೇ ಹತ್ತಿಸಿ.

ಓದುಗರಿಗೂ ಒಂದು ಮಾತು. ರಾತ್ರಿ ಮೂರಕ್ಕೆ “ದೊಡ್ಡ ಡಾಕ್ಟರನ್ನು ಕರೆಸಿ” ಅಂತ ಆ ಮಕ್ಕಳ ಮೇಲೆ ಕಿರುಚಾಡುವ ಬದಲು, “ಡಾಕ್ಟ್ರೇ, ನೀವು ಎಷ್ಟು ಹೊತ್ತಿನಿಂದ ಡ್ಯೂಟಿಯಲ್ಲಿದ್ದೀರಿ?” ಅಂತ ಮೆಲ್ಲಗೆ ಕೇಳಿ. ಅದೇ ಪ್ರಶ್ನೆಯನ್ನು ಮರುದಿನ ಆಫೀಸಿನಲ್ಲಿ ಬಿಲ್ ಕಟ್ಟುವಾಗ ಸ್ವಲ್ಪ ಜೋರಾಗಿ ಕೇಳಿ. ವಾರ್ಡಿನ ಗೋಡೆಯಲ್ಲಿ ಬಸ್ಸಿನ ಟೈಮ್ ಟೇಬಲ್ ಹಾಗೆ ಇವತ್ತಿನ ಡ್ಯೂಟಿ ಡಾಕ್ಟರ್ ಯಾರು, ಎಷ್ಟಕ್ಕೆ ಬಂದರು, ಎಷ್ಟಕ್ಕೆ ಹೋಗುತ್ತಾರೆ ಅಂತ ಬರೆದು ಹಾಕಿಸಿ. ಸಂಪಾದಕರೇ, ನಿಮ್ಮ ವರದಿಗಾರರು ಒಂದು ದಿನ ಸಂಜೆ ಐದಕ್ಕೆ ಯಾವುದಾದರೂ ಮೆಡಿಕಲ್ ಕಾಲೇಜಿನ ಕ್ಯಾಂಟೀನ್‌ನಲ್ಲಿ ಕೂತು ಗೋಳಿಬಜೆ ತಿನ್ನುತ್ತಾ, ಚಹಾದ ಗ್ಲಾಸ್ ಎದುರು ತೂಕಡಿಸುವ ಬಿಳಿ ಕೋಟಿನ ಮಕ್ಕಳನ್ನು ನಿನ್ನೆ ಎಷ್ಟಕ್ಕೆ ಬಂದದ್ದು ಅಂತ ಕೇಳಿದರೂ ಸಾಕು, ಒಂದು ಪುಟ ತುಂಬುತ್ತದೆ.

ಈ ಪತ್ರ ಬರೆಯುವ ಮೊದಲು ಹುಡುಗನನ್ನು ಒಂದು ಮಾತು ಕೇಳೋಣ ಅಂತ ಫೋನ್ ಮಾಡಿದ್ದೆ. “ದೊಡ್ಡಮ್ಮ, ಹತ್ತು ನಿಮಿಷ ಬಿಟ್ಟು ಮಾಡ್ತೇನೆ” ಅಂದ. ಇವತ್ತಿಗೆ ಮೂರು ದಿನ ಆಯ್ತು.

ಇಂತಿ,
ಒಬ್ಬಳು ನಿವೃತ್ತ ಸ್ಟಾಫ್ ನರ್ಸ್,
ಉಡುಪಿ
(ಹೆಸರು ಹಾಕಬೇಡಿ, ಹುಡುಗನಿಗೆ ಇನ್ನೂ ಪರೀಕ್ಷೆ ಇದೆ)